ಬಿಟ್ಟ ಉಸಿರಿನಲ್ಲೂ ಜೀವವಿದೆ

ಏಳನೆಯ ತರಗತಿಯ ಯಾವ ವಿದ್ಯಾರ್ಥಿಯನ್ನಾದರೂ ಕೇಳಿ ನೋಡಿ: ನಾವು ಒಳಗೆ ಎಳೆದುಕೊಳ್ಳುವುದು ಯಾವ ಅನಿಲ, ಹೊರಗೆ ಬಿಡುವುದು ಯಾವ ಅನಿಲ? ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಬಂದಿರುತ್ತದೆ. ಎಳೆದುಕೊಳ್ಳುವುದು ಆಮ್ಲಜನಕ, ಬಿಡುವುದು ಇಂಗಾಲದ ಡೈ ಆಕ್ಸೈಡ್. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ, ಅದು ಹಾಲಿನ ಹಾಗೆ ಬೆಳ್ಳಗಾದುದನ್ನು ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ಪರೀಕ್ಷೆಯಲ್ಲಿ ಪೂರ್ತಿ ಅಂಕವೂ ಸಿಕ್ಕಿರುತ್ತದೆ. ಆದರೆ ಈ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧ ತಿಳಿಯದಿದ್ದರೆ ಪರೀಕ್ಷೆಯಲ್ಲಿ ಏನೂ ನಷ್ಟವಿಲ್ಲ. ಕೆರೆಯ ದಂಡೆಯಲ್ಲಿ ಮಾತ್ರ ಒಂದು ಜೀವವೇ ನಷ್ಟವಾಗಬಹುದು.

ಲೆಕ್ಕ ಹೀಗಿದೆ. ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಆಮ್ಲಜನಕ, 78 ಭಾಗ ಸಾರಜನಕ. ನಾವು ಹೊರಗೆ ಬಿಡುವ ಗಾಳಿಯಲ್ಲಿ ಸಾರಜನಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಂಗಾಲದ ಡೈ ಆಕ್ಸೈಡ್ ಸುಮಾರು 4 ಭಾಗಕ್ಕೆ ಏರಿರುತ್ತದೆ. ಸುಣ್ಣದ ನೀರನ್ನು ಬೆಳ್ಳಗಾಗಿಸಲು ಅಷ್ಟು ಸಾಕು. ಆಮ್ಲಜನಕ? ಅದು ಖಾಲಿಯಾಗಿರುವುದಿಲ್ಲ, ಇನ್ನೂ 16 ಭಾಗ ಉಳಿದಿರುತ್ತದೆ. ಎಲೆಯಲ್ಲಿ ಬಡಿಸಿದ್ದರಲ್ಲಿ ಕಾಲು ಭಾಗ ಮಾತ್ರ ಉಂಡು, ಮುಕ್ಕಾಲು ಭಾಗವನ್ನು ಹಾಗೆಯೇ ಬಿಟ್ಟು ಎದ್ದು ಹೋಗುವ ಅತಿಥಿಯಂತೆ ನಮ್ಮ ಶ್ವಾಸಕೋಶಗಳ ವರ್ತನೆ. ಹಾಗೆ ಬಿಟ್ಟು ಬಂದುದರಿಂದ ಇನ್ನೊಬ್ಬರ ಪ್ರಾಣ ಉಳಿಸಬಹುದು. ಬಾಯಿಗೆ ಬಾಯಿಟ್ಟು ಉಸಿರು ತುಂಬುವ ಕ್ರಿಯೆಯ ಆಧಾರವೆಲ್ಲ ಈ 16ರ ಲೆಕ್ಕವೇ.

ಬೇಸಿಗೆ ರಜೆ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆರೆಗೆ ಈಜಲು ಹೋದ ಹುಡುಗರು, ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ಜಾರಿದ ಮಗು, ಕಲ್ಲು ತೆಗೆದ ಗುಂಡಿಯಲ್ಲಿ ನಿಂತ ಮಳೆನೀರಿಗೆ ಇಳಿದ ಗೆಳೆಯರು. ಜಗತ್ತಿನಲ್ಲಿ 2021ರಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವಿಕೆಗೆ ಮೂರನೆಯ ಸ್ಥಾನ. ಇವರಲ್ಲಿ ಎಷ್ಟೋ ಮಂದಿಯನ್ನು ಯಾರಾದರೂ ಬೇಗನೆ ಮೇಲಕ್ಕೆ ಎತ್ತಿಯೇ ಇರುತ್ತಾರೆ. ದಂಡೆಯ ಮೇಲೆ ಜನರೂ ಸೇರಿರುತ್ತಾರೆ. ಮುಂದಿನ ಐದು ನಿಮಿಷ ಆ ಜನ ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

‘ನೀರು ಕುಡಿದು ಸತ್ತ’ ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಮಾತು ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ. ನೀರು ಕುಡಿದದ್ದೇ ಕಾರಣವಾದರೆ ನೀರನ್ನು ಹೊರಗೆ ತೆಗೆಯಬೇಕಲ್ಲವೆ? ಅದಕ್ಕಾಗಿ ಮಗುವಿನ ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುತ್ತಾರೆ. ಬೋರಲಾಗಿ ಮಲಗಿಸಿ ಹೊಟ್ಟೆ ಹಿಸುಕುತ್ತಾರೆ. ಬಾಯಿಂದ ಒಂದಿಷ್ಟು ನೀರು ಬಂದಾಗ ನೆರೆದವರಿಗೆಲ್ಲ ಸಮಾಧಾನ. ಆ ನೀರಿನ ಬಹುಪಾಲು ಹೊಟ್ಟೆಯದು, ಶ್ವಾಸಕೋಶದ್ದಲ್ಲ. ಶ್ವಾಸಕೋಶಕ್ಕೆ ಹೋಗುವ ನೀರು ಸಾಮಾನ್ಯವಾಗಿ ನಾವು ಊಹಿಸುವುದಕ್ಕಿಂತ ಬಹಳ ಕಡಿಮೆ. ಅದರಲ್ಲೂ ಕೆರೆ ಬಾವಿಗಳ ಸಿಹಿನೀರು ಬೇಗನೆ ರಕ್ತಕ್ಕೆ ಇಳಿದುಬಿಡುತ್ತದೆ. ಹಿಂಡಿ ತೆಗೆಯಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಹೊಟ್ಟೆ ಅಮುಕಿದಾಗ ಮೇಲೆ ಬರುವ ಅನ್ನ, ನೀರು, ಆಮ್ಲ ಶ್ವಾಸನಾಳಕ್ಕೆ ಹೊಕ್ಕು ಇದ್ದ ದಾರಿಯೂ ಮುಚ್ಚುವ ಅಪಾಯ ಬೇರೆ.

ನಿಜವಾಗಿ ನಡೆಯುವುದೇನು? ಮುಳುಗಿದವರು ಮೊದಲು ಉಸಿರು ಬಿಗಿಹಿಡಿಯುತ್ತಾರೆ. ತಡೆಯಲಾಗದೆ ಬಾಯಿ ತೆರೆದಾಗ ಸ್ವಲ್ಪ ನೀರು ಗಂಟಲಿಗೆ ನುಗ್ಗುತ್ತದೆ, ಗಾಳಿಯ ದಾರಿ ನಿಲ್ಲುತ್ತದೆ. ಆಗ ರಕ್ತದಲ್ಲಿದ್ದ ಆಮ್ಲಜನಕವೇ ಗತಿ. ಅದು ಕರಗುತ್ತಾ ಬಂದಂತೆ ಎಚ್ಚರ ತಪ್ಪುತ್ತದೆ, ಉಸಿರಾಟದ ಯತ್ನವೂ ನಿಲ್ಲುತ್ತದೆ. ಹೃದಯ ಇನ್ನೂ ಸ್ವಲ್ಪ ಹೊತ್ತು ಬಡಿಯುತ್ತದೆ, ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಹಾನಿ ಆರಂಭ. ಇಲ್ಲಿ ಕೊರತೆ ಇರುವುದು ಗಾಳಿಯದು. ಕೊಡಬೇಕಾದದ್ದೂ ಗಾಳಿಯನ್ನೇ.

ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ‘ಚಿಕಿತ್ಸೆ’ ಸೇರಿಕೊಂಡಿದೆ. ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಕೆಲವು ಗಂಟೆಗಳಲ್ಲಿ ಎದ್ದು ಕೂರುತ್ತಾರೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನೀರಿನಲ್ಲಿ ಮುಳುಗಿದ್ದ ಬಾಲಕನ ದೇಹವನ್ನು ಮನೆಯವರು ಹೀಗೆಯೇ ಉಪ್ಪಿನಲ್ಲಿಟ್ಟು ಗಂಟೆಗಟ್ಟಲೆ ಕಾದರು. ಮಗ ಏಳಲಿಲ್ಲ. ಆ ತಂದೆ ತಾಯಿಯನ್ನು ಯಾರೂ ಹಳಿಯಲಾರರು. ಮುಳುಗುವ ಮನುಷ್ಯ ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ ಎನ್ನುತ್ತಾರೆ, ದಂಡೆಯಲ್ಲಿ ನಿಂತ ಹೆತ್ತವರ ಪಾಡೂ ಅದೇ. ಆದರೆ ಈ ನಂಬಿಕೆ ಎಲ್ಲಿಂದ ಬಂತೆಂದು ನೋಡುವುದು ಅಗತ್ಯ, ಏಕೆಂದರೆ ಅದರ ಬುಡದಲ್ಲಿ ಒಂದು ನಿಜವಾದ ಪ್ರಯೋಗವಿದೆ.

ಹಳ್ಳಿಯ ಮಕ್ಕಳು ಈ ಪ್ರಯೋಗವನ್ನು ಮಾಡಿರುತ್ತಾರೆ. ಲೋಟದ ನೀರಿನಲ್ಲಿ ಬಿದ್ದು ಅಲುಗಾಡದೆ ತೇಲುವ ನೊಣವನ್ನು ತೆಗೆದು ಒಣ ಬೂದಿಯಲ್ಲೋ ಉಪ್ಪಿನಲ್ಲೋ ಮುಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ಅದು ಕಾಲು ಕೊಡವಿ ಎದ್ದು ಹಾರಿಹೋಗುತ್ತದೆ. ನೊಣಕ್ಕೆ ಶ್ವಾಸಕೋಶವಿಲ್ಲ. ಮೈಯ ಎರಡು ಪಕ್ಕಗಳಲ್ಲಿ ಇರುವ ಸಣ್ಣ ರಂಧ್ರಗಳಿಂದ ಗಾಳಿ ನೇರವಾಗಿ ನಳಿಕೆಗಳ ಮೂಲಕ ಒಳಗೆಲ್ಲ ಹರಡುತ್ತದೆ. ಆ ರಂಧ್ರಗಳನ್ನು ಮುಚ್ಚಿದ್ದ ನೀರನ್ನು ಉಪ್ಪು ಹೀರಿತು, ದಾರಿ ತೆರೆಯಿತು, ಅಷ್ಟೆ. ನೊಣ ಸತ್ತೇ ಇರಲಿಲ್ಲ. ಆಮ್ಲಜನಕವಿಲ್ಲದೆ ಬಹಳ ಹೊತ್ತು ಸ್ತಬ್ಧವಾಗಿ ಬಿದ್ದಿದ್ದು ಚೇತರಿಸಿಕೊಳ್ಳುವ ಶಕ್ತಿ ಅನೇಕ ಕೀಟಗಳಿಗೆ ಇದೆ. ಮನುಷ್ಯನ ಮಿದುಳಿಗೆ ಅದು ಇಲ್ಲ. ನಮ್ಮ ಚರ್ಮದ ಮೇಲೆ ಉಪ್ಪು ಸುರಿದರೆ ಮಾವಿನ ಹೋಳಿನಿಂದ ನೀರು ಬಿಡಿಸುವಂತೆ ತುಸು ನೀರನ್ನು ಎಳೆಯಬಹುದೇ ಹೊರತು ಮಿದುಳಿಗೆ ಒಂದು ಕಣ ಆಮ್ಲಜನಕವನ್ನೂ ಕೊಡಲಾರದು. ಉಪ್ಪಿನ ಮೂಟೆ ತರಲು ಓಡುವ ಹೊತ್ತಿನಲ್ಲಿ ಉಸಿರು ಕೊಡಬಹುದಾಗಿದ್ದ ನಿಮಿಷಗಳು ಕಳೆದುಹೋಗಿರುತ್ತವೆ.

ನಮ್ಮ ಹಳ್ಳಿಯವರಷ್ಟೇ ಹೀಗೆ ಎಂದು ಯಾರೂ ನಗಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಮುಳುಗಿದವರನ್ನು ಪೀಪಾಯಿಯ ಮೇಲೆ ಬೋರಲು ಹಾಕಿ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿದ್ದರು. ಲಂಡನ್ನಿನಲ್ಲಿ ಮುಳುಗಿದವರನ್ನು ಬದುಕಿಸಲೆಂದೇ 1774ರಲ್ಲಿ ಒಂದು ಸಂಘ ಸ್ಥಾಪನೆಯಾಯಿತು. ಆ ಕಾಲದ ಒಪ್ಪಿತ ಚಿಕಿತ್ಸೆಗಳಲ್ಲಿ ಹೊಗೆಸೊಪ್ಪಿನ ಹೊಗೆಯನ್ನು ತಿದಿಯಿಂದ ಗುದದ್ವಾರದ ಮೂಲಕ ಊದುವುದೂ ಒಂದು! ಹೊಗೆಸೊಪ್ಪಿನ ಸತ್ವ ಹೃದಯಕ್ಕೇ ವಿಷವೆಂದು ಬೆಂಜಮಿನ್ ಬ್ರಾಡಿ 1811ರಲ್ಲಿ ತೋರಿಸಿದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು.

ವಿಚಿತ್ರವೆಂದರೆ ಸರಿಯಾದ ದಾರಿ ಅದಕ್ಕೂ ಮುಂಚೆಯೇ ಗೊತ್ತಿತ್ತು. ಸ್ಕಾಟ್ಲೆಂಡಿನ ಅಲೋವ ಎಂಬ ಊರಿನ ಕಲ್ಲಿದ್ದಲ ಗಣಿಯಿಂದ 1732ರಲ್ಲಿ ಒಬ್ಬ ಕಾರ್ಮಿಕನನ್ನು ಹೊರಗೆ ತಂದರು. ಹೊಗೆ ಕುಡಿದು ಬಿದ್ದಿದ್ದ ಆತನಿಗೆ ಉಸಿರಿರಲಿಲ್ಲ, ನಾಡಿ ಸಿಗುತ್ತಿರಲಿಲ್ಲ. ವಿಲಿಯಂ ಟೊಸಾಕ್ ಎಂಬ ವೈದ್ಯರು ಅವನ ಬಾಯಿಗೆ ಬಾಯಿಟ್ಟು ಊದಿದರು. ಮೊದಲ ಸಲ ಗಾಳಿಯೆಲ್ಲ ಮೂಗಿನಿಂದ ಹೊರಟುಹೋಯಿತು. ಮೂಗು ಹಿಡಿದು ಮತ್ತೆ ಊದಿದಾಗ ಎದೆ ಉಬ್ಬಿತು, ಕೈಗೆ ಹೃದಯದ ಬಡಿತ ಸಿಕ್ಕಿತು. ಆ ಮನುಷ್ಯ ನಾಲ್ಕು ಗಂಟೆಗಳಲ್ಲಿ ನಡೆದು ಮನೆಗೆ ಹೋದ, ನಾಲ್ಕು ದಿನದಲ್ಲಿ ಕೆಲಸಕ್ಕೂ ಮರಳಿದ. 1740ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಮುಳುಗಿದವರಿಗೆ ಇದೇ ವಿಧಾನವನ್ನು ಶಿಫಾರಸು ಮಾಡಿತು.

ಹಾಗಿದ್ದರೆ ಅದು ಮರೆಯಾದದ್ದು ಹೇಗೆ? ಇಲ್ಲಿಯೇ ನಮ್ಮ ಏಳನೆಯ ತರಗತಿಯ ಉತ್ತರ ಬರುತ್ತದೆ. 1770ರ ದಶಕದಲ್ಲಿ ಆಮ್ಲಜನಕ ಪತ್ತೆಯಾಯಿತು. ಉಸಿರಾಟದಲ್ಲಿ ಅದು ಖರ್ಚಾಗುತ್ತದೆ, ಬದಲಿಗೆ ಬೇರೊಂದು ಅನಿಲ ಹೊರಬರುತ್ತದೆ ಎಂಬುದು ತಿಳಿಯಿತು. ಹಾಗಾದರೆ ಬಿಟ್ಟ ಉಸಿರು ಕೆಟ್ಟ ಗಾಳಿ, ಅದನ್ನು ಇನ್ನೊಬ್ಬರಿಗೆ ಊದುವುದು ತಪ್ಪು ಎಂದು ಪಂಡಿತರು ತೀರ್ಮಾನಿಸಿದರು. ಬಾಯಿಯ ಜಾಗಕ್ಕೆ ಕಮ್ಮಾರನ ತಿದಿಯಂಥ ಸಾಧನ ಬಂತು. ಹೊಸ ಜ್ಞಾನವೊಂದು ಅರ್ಧಕ್ಕೆ ನಿಂತು, ಕೈಯಲ್ಲಿದ್ದ ಒಳ್ಳೆಯ ಪದ್ಧತಿಯನ್ನು ದೂರ ತಳ್ಳಿತು. ಎಷ್ಟು ಉಳಿದಿದೆ ಎಂದು ಅಳೆಯುವ ಮುನ್ನವೇ ತೀರ್ಪು ಹೊರಬಿದ್ದಿತ್ತು. ಆ ದೇಶಗಳ ಸೂಲಗಿತ್ತಿಯರು ಮಾತ್ರ ಹುಟ್ಟಿದೊಡನೆ ಅಳದ ಕೂಸುಗಳಿಗೆ ತಮ್ಮ ಉಸಿರನ್ನೇ ಊದುತ್ತಾ ಬಂದರು.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿ ಇದ್ದುದು ಬೇರೆಯೇ ವಿಧಾನ: ಬೋರಲಾಗಿ ಮಲಗಿಸಿ ಬೆನ್ನನ್ನು ಒತ್ತುವುದು, ಬಿಡುವುದು, ತೋಳುಗಳನ್ನು ಎತ್ತುವುದು. ಸ್ಕೌಟಿನಲ್ಲಿದ್ದ ಅಜ್ಜಂದಿರು ಮನೆಯಲ್ಲಿದ್ದರೆ ಕೇಳಿ ನೋಡಿ, ಕೆಲವರಿಗೆ ನೆನಪಿರಬಹುದು.

ಬಿಟ್ಟ ಉಸಿರಿಗೆ ಮತ್ತೆ ಮಾನ ತಂದವರು ಇಬ್ಬರು ಅರಿವಳಿಕೆ ತಜ್ಞರು. 1946ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೋಲಿಯೊ ಹಾವಳಿ ನಡೆದಿತ್ತು. ಉಸಿರು ನಿಂತು ನೀಲಿಗಟ್ಟಿದ್ದ ಮಗುವನ್ನು ಕಂಡ ಜೇಮ್ಸ್ ಎಲಾಮ್ ಎಂಬ ವೈದ್ಯರು ಯೋಚಿಸುತ್ತಾ ನಿಲ್ಲದೆ ಅದರ ಮೂಗಿಗೆ ಬಾಯಿಟ್ಟು ಊದಿದರು. ಕೆಲವೇ ಉಸಿರಿಗೆ ಮಗುವಿನ ಮೈ ಕೆಂಪೇರಿತು. ಬಳಿಕ 1950ರ ದಶಕದಲ್ಲಿ ಅವರು ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಬರೀ ಬಿಟ್ಟ ಉಸಿರಿನಿಂದಲೇ ಆಮ್ಲಜನಕದ ಮಟ್ಟ ಸರಿಯಾಗಿ ಉಳಿಯುತ್ತದೆಂದು ಅಳೆದು ತೋರಿಸಿದರು. ಇನ್ನೊಬ್ಬರು ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಪೀಟರ್ ಸಫರ್. ಅವರ ಪ್ರಯೋಗ ಕೇಳಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ತಾವಾಗಿ ಮುಂದೆ ಬಂದ ಸ್ವಯಂಸೇವಕರಿಗೆ ಔಷಧ ಕೊಟ್ಟು ಮೈಯ ಸ್ನಾಯುಗಳನ್ನೆಲ್ಲ ನಿಶ್ಚಲಗೊಳಿಸಿದರು. ಅವರಿಗೆ ತಾವಾಗಿ ಉಸಿರಾಡಲು ಸಾಧ್ಯವಿರಲಿಲ್ಲ. ವೈದ್ಯರಲ್ಲದ ಸಾಮಾನ್ಯರು ಬಾಯಿಂದ ಊದಿ ಅವರನ್ನು ಜೀವಂತವಾಗಿಟ್ಟರು. ಬೆನ್ನು ಒತ್ತುವ ಹಳೆಯ ಪದ್ಧತಿಯಲ್ಲಿ ಗಾಳಿ ಸರಿಯಾಗಿ ಒಳಗೆ ಹೋಗುವುದೇ ಇಲ್ಲ ಎಂಬುದೂ ಅಲ್ಲಿ ಬಯಲಾಯಿತು. ಎಚ್ಚರ ತಪ್ಪಿದವರ ನಾಲಗೆ ಹಿಂದಕ್ಕೆ ಜೋತು ಗಂಟಲನ್ನು ಮುಚ್ಚುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನು ಎತ್ತಿದರೆ ಮಾತ್ರ ದಾರಿ ತೆರೆಯುತ್ತದೆ.

ಗಾಳಿ ಶ್ವಾಸಕೋಶಕ್ಕೆ ಹೋದರೆ ಸಾಲದು, ಅದನ್ನು ಮಿದುಳಿಗೆ ಒಯ್ಯುವ ರಕ್ತವೂ ಹರಿಯಬೇಕು. ಹೃದಯ ನಿಂತಿದ್ದರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ, ಅದೂ ವಿದ್ಯುತ್ ಎಂಜಿನಿಯರರ ಪ್ರಯೋಗಾಲಯದಲ್ಲಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೌವೆನ್‌ಹೋವನ್ ಅವರು ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಉಪಕರಣವನ್ನು ನಾಯಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಭಾರವಾದ ಲೋಹದ ಫಲಕಗಳನ್ನು ಎದೆಯ ಮೇಲೆ ಒತ್ತಿ ಹಿಡಿದಾಗ, ವಿದ್ಯುತ್ ಹರಿಸುವ ಮೊದಲೇ, ರಕ್ತದೊತ್ತಡದ ಮುಳ್ಳು ಸ್ವಲ್ಪ ಏರುವುದನ್ನು ಅವರ ಶಿಷ್ಯ ಗೈ ನಿಕರ್‌ಬಾಕರ್ ಗಮನಿಸಿದರು. ಹಾಗಾದರೆ ಒತ್ತುವುದರಿಂದಲೇ ರಕ್ತ ಹರಿಯುತ್ತಿದೆ! ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆಗೂಡಿದರು. ಎದೆ ಸೀಳದೆ, ಬರೀ ಎರಡು ಕೈಗಳಿಂದ ಹೃದಯದ ಕೆಲಸ ನಡೆಸಬಹುದೆಂದು ಮೂವರೂ ಸೇರಿ 1960ರಲ್ಲಿ ಪ್ರಕಟಿಸಿದರು.

ಇದು ಸಾಧ್ಯವಾಗುವುದು ಹೃದಯದ ಕವಾಟಗಳಿಂದ. ಸೈಕಲ್ ಟ್ಯೂಬಿನ ವಾಲ್ವ್ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವಂತೆ, ಇವೂ ರಕ್ತವನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಎದೆಮೂಳೆಯನ್ನು ಒತ್ತಿದಾಗ ಬೆನ್ನುಮೂಳೆಯ ಮುಂದಿರುವ ಹೃದಯ ಅಮುಕಿ ರಕ್ತ ಹೊರಡುತ್ತದೆ. ಕೈ ಸಡಿಲಿಸಿದಾಗ ಎದೆ ಹಿಗ್ಗಿ ಮತ್ತೆ ತುಂಬಿಕೊಳ್ಳುತ್ತದೆ. ಚೆನ್ನಾಗಿ ಒತ್ತಿದರೂ ಸಿಗುವ ಹರಿವು ಸಹಜದ ಕಾಲು ಭಾಗವೋ ಮೂರರಲ್ಲೊಂದು ಭಾಗವೋ ಅಷ್ಟೆ. ಮಿದುಳನ್ನು ಕಾಯಲು ಅಷ್ಟು ಸಾಕಾಗಬಹುದು, ಆದರೆ ನಡುವೆ ನಿಲ್ಲಿಸಿದರೆ ಅದೂ ಇಲ್ಲ.

ಇನ್ನು ಮಾಡುವ ಕ್ರಮ. ಮೊದಲ ಮಾತು ಮಕ್ಕಳಿಗೆ: ಮುಳುಗುತ್ತಿರುವ ಗೆಳೆಯನನ್ನು ಹಿಡಿಯಲು ನೀರಿಗೆ ಹಾರಬೇಡಿ. ಗಾಬರಿಯಲ್ಲಿರುವವನು ಕುತ್ತಿಗೆ ಅಪ್ಪಿಕೊಂಡರೆ ಇಬ್ಬರೂ ಹೋಗುತ್ತಾರೆ, ಹಾಗೆ ಹೋದವರ ಸುದ್ದಿಗಳು ಬೇಕಾದಷ್ಟಿವೆ. ಹಗ್ಗ, ಬಿದಿರುಗಳ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಸಿಕ್ಕಿದ್ದನ್ನು ಚಾಚಿ ಅಥವಾ ಎಸೆಯಿರಿ, ಕೂಗಿ ದೊಡ್ಡವರನ್ನು ಕರೆಯಿರಿ.

ಮೇಲೆ ತಂದವರ ಭುಜ ತಟ್ಟಿ ಗಟ್ಟಿಯಾಗಿ ಕೂಗಬೇಕು. ಉತ್ತರವಿಲ್ಲದಿದ್ದರೆ ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಿ ಸ್ಪೀಕರ್ ಹಾಕಿಟ್ಟರೆ ಕೈ ಬಿಡುವಾಗಿರುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಹಣೆಯ ಮೇಲೆ ಒಂದು ಕೈಯಿಟ್ಟು ತಲೆ ಬಾಗಿಸಿ, ಇನ್ನೊಂದು ಕೈಯ ಬೆರಳುಗಳಿಂದ ಗದ್ದ ಎತ್ತಬೇಕು. ಹತ್ತು ಸೆಕೆಂಡಿಗೆ ಮೀರದಂತೆ ಎದೆಯನ್ನು ನೋಡಬೇಕು. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಬಿಕ್ಕಿದಂತೆ ಮಾಡುವುದು ಉಸಿರಾಟವಲ್ಲ. ಇದನ್ನು ಉಸಿರಾಟವೆಂದು ತಿಳಿದು ಸುಮ್ಮನಾಗುವವರು ಬಹಳ.

ಉಸಿರಿಲ್ಲವೆಂದಾದರೆ, ಮುಳುಗಿದವರ ವಿಷಯದಲ್ಲಿ ಮೊದಲು ಕೊಡಬೇಕಾದದ್ದು ಉಸಿರನ್ನೇ. ಮೂಗನ್ನು ಬೆರಳುಗಳಿಂದ ಮುಚ್ಚಿ, ಅವರ ಬಾಯಿಯನ್ನು ತಮ್ಮ ಬಾಯಿಂದ ಪೂರ್ತಿ ಮುಚ್ಚಿ, ಸುಮಾರು ಒಂದು ಸೆಕೆಂಡು, ಎದೆ ಏರುವುದು ಕಾಣುವಷ್ಟು ಮಾತ್ರ ಊದಬೇಕು. ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಯೂರೋಪಿನ ಮಾರ್ಗಸೂಚಿ ಮೊದಲಿಗೆ ಐದು ಉಸಿರು ಎನ್ನುತ್ತದೆ, ಅಮೆರಿಕದ್ದು ಎರಡು ಎನ್ನುತ್ತದೆ. ಈ ಭೇದಕ್ಕಾಗಿ ದಂಡೆಯ ಮೇಲೆ ಚರ್ಚೆ ಬೇಡ. ಬಾಯಿಂದ ನೊರೆ ಬರುತ್ತಿದ್ದರೆ ಅದನ್ನು ಒರೆಸುತ್ತಾ ಕೂರಬಾರದು, ಅದರ ಮೇಲೆಯೇ ಊದಬಹುದು. ವರ್ಷ ತುಂಬದ ಕೂಸಾದರೆ ಬಾಯಿ ಮೂಗು ಎರಡನ್ನೂ ಒಟ್ಟಿಗೆ ಬಾಯಿಂದ ಮುಚ್ಚಿ, ಕೆನ್ನೆಯಲ್ಲಿ ಹಿಡಿಯುವಷ್ಟು ಗಾಳಿ ಸಾಕು.

ಆಮೇಲೆ ಎದೆ ಒತ್ತುವುದು. ಎದೆಯ ನಟ್ಟನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ ಮೈಭಾರ ಹಾಕಿ 5ರಿಂದ 6 ಸೆಂಟಿಮೀಟರ್ ಒಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಸಣ್ಣ ಮಕ್ಕಳಿಗೆ ಒಂದೇ ಕೈ, ಕೂಸಿಗೆ ಎರಡು ಹೆಬ್ಬೆರಳು. ಆಳ ಎದೆಯ ದಪ್ಪದ ಮೂರರಲ್ಲೊಂದು ಭಾಗ. ಮೂವತ್ತು ಸಲ ಒತ್ತಿ ಎರಡು ಉಸಿರು, ಮತ್ತೆ ಮೂವತ್ತು. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಇನ್ನೊಬ್ಬರಿದ್ದರೆ ಬದಲಾಗಬೇಕು. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬಾರದು. ಮುರಿದ ಎಲುಬು ಕೂಡಿಕೊಳ್ಳುತ್ತದೆ.

ಈಗ ಕೆಲವು ಪೋಷಕರು ಕೇಳಬಹುದು: ಎದೆ ಒತ್ತಿದರೆ ಸಾಕು, ಉಸಿರು ಕೊಡುವ ಅಗತ್ಯವಿಲ್ಲ ಎಂದು ತರಬೇತಿಯಲ್ಲಿ ಹೇಳಿದರಲ್ಲ? ಹೌದು, ಅದೂ ಸರಿಯೇ. ಭಾರತದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗಾಗಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎದೆ ಒತ್ತುವುದು ಮಾತ್ರವೇ ಇದೆ. ಮದುವೆ ಮಂಟಪದಲ್ಲೋ ಬಸ್ ನಿಲ್ದಾಣದಲ್ಲೋ ಇದ್ದಕ್ಕಿದ್ದಂತೆ ಹೃದಯ ನಿಂತು ಕುಸಿದವರು ಆ ಕ್ಷಣದವರೆಗೂ ಉಸಿರಾಡುತ್ತಿದ್ದವರು. ಅವರ ರಕ್ತದಲ್ಲಿ ಕೆಲವು ನಿಮಿಷಕ್ಕಾಗುವಷ್ಟು ಆಮ್ಲಜನಕ ಇದೆ, ಅದನ್ನು ತಳ್ಳಿದರೆ ಸಾಕು. ಮುಳುಗಿದವರ ರಕ್ತದಲ್ಲಿ ಅದು ಮುಗಿದಿದೆ. ಖಾಲಿ ಟ್ಯಾಂಕಿಗೆ ಪಂಪು ಹಚ್ಚಿದರೆ ಬರುವುದೇನು? ಉಸಿರು ಕೊಡಲು ಯಾವ ಕಾರಣಕ್ಕೋ ಆಗದಿದ್ದರೆ ಮಾತ್ರ, ಸುಮ್ಮನೆ ನಿಲ್ಲುವುದಕ್ಕಿಂತ, ಒತ್ತುವುದನ್ನಾದರೂ ಮಾಡಬೇಕು.

ಓದಿದ ಮಾತ್ರಕ್ಕೆ ಕೈಗೆ ಬರುವ ವಿದ್ಯೆ ಇದಲ್ಲ. ಇದಕ್ಕೆ ಬೊಂಬೆ ಬೇಕು. ಆ ಬೊಂಬೆಯನ್ನು ಮೊದಲು ಮಾಡಿದ್ದು ನಾರ್ವೆಯ ಸ್ಟಾವಂಗರ್ ಪಟ್ಟಣದ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್. ಅವರ ಎರಡು ವರ್ಷದ ಮಗನೇ ಒಮ್ಮೆ ಮುಳುಗಿ ಅದೃಷ್ಟದಿಂದ ಉಳಿದಿದ್ದ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಬೊಂಬೆ, ಕಾರುಗಳನ್ನು ಮಾಡುತ್ತಿದ್ದ ಅವರು 1960ರಲ್ಲಿ ಆನ್ ಎಂಬ ಆಳೆತ್ತರದ ಬೊಂಬೆ ತಂದರು. ಅದಕ್ಕೆ ಕೊಟ್ಟ ಮುಖ, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಮುಳುಗಿದಳೆಂದು ದಂತಕಥೆ ಹೇಳುವ ಹೆಸರಿಲ್ಲದ ಹುಡುಗಿಯ ಅಚ್ಚುಮುಖ. ಮರುವರ್ಷದ ಹೊತ್ತಿಗೆ ನಾರ್ವೆಯ ಶಾಲಾಮಕ್ಕಳು ಆ ಬೊಂಬೆಯ ಮೇಲೆ ಉಸಿರು ಕೊಡುವುದನ್ನು ಕಲಿಯುತ್ತಿದ್ದರು. ಹದಿಮೂರು ಹದಿನಾಲ್ಕರ ಮಕ್ಕಳು ದೊಡ್ಡವರಷ್ಟೇ ಚೆನ್ನಾಗಿ ಎದೆ ಒತ್ತಬಲ್ಲರೆಂದು ಬ್ರಿಟನ್ನಿನ ಶಾಲೆಗಳಲ್ಲಿ ನಡೆದ ಅಧ್ಯಯನವೊಂದು 2007ರಲ್ಲಿ ತೋರಿಸಿತು. ಹನ್ನೆರಡನೆಯ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಇದನ್ನು ಕಲಿಸಬೇಕೆಂಬ ಹೇಳಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಬೆಂಬಲ ಕೊಟ್ಟಿದೆ. ವರ್ಷಕ್ಕೆ ಎರಡು ಗಂಟೆ ಎಂದರೆ ಮೂರು ಪಿರಿಯಡ್ಡು. ಬೊಂಬೆ ಸಿಗುವವರೆಗೆ ಗಟ್ಟಿ ದಿಂಬಿನ ಮೇಲೆ ಒತ್ತುವ ವೇಗವನ್ನಾದರೂ ಅಭ್ಯಾಸ ಮಾಡಬಹುದು. ಆರೋಗ್ಯವಂತ ಗೆಳೆಯನ ಎದೆಯನ್ನು ಮಾತ್ರ ಅಭ್ಯಾಸಕ್ಕೆಂದು ಒತ್ತಲೇಬಾರದು.

ಅದೃಷ್ಟವಿದ್ದು ಮಗು ಕೆಮ್ಮಿ ಉಸಿರಾಡತೊಡಗಿದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಬೇಕು. ಕಣ್ಣು ಬಿಟ್ಟಿತು, ಅಮ್ಮಾ ಎಂದಿತು ಎಂದು ನೇರವಾಗಿ ಮನೆಗೆ ಕರೆದೊಯ್ಯಬಾರದು. ಒಳಗೆ ಹೋದ ಅಲ್ಪ ನೀರು ಶ್ವಾಸಕೋಶದ ಗಾಳಿಚೀಲಗಳ ಒಳಪದರವನ್ನು ಕೆಡಿಸಿರಬಹುದು. ಮುಂದಿನ ಕೆಲವು ಗಂಟೆಗಳಲ್ಲಿ ಕೆಮ್ಮು, ಏದುಸಿರು ಹೆಚ್ಚಾಗಬಹುದು. ಅಷ್ಟು ಹೊತ್ತು ಅದು ಆಸ್ಪತ್ರೆಯಲ್ಲೇ, ವೈದ್ಯರ ಕಣ್ಣೆದುರಿಗೇ ಇರಬೇಕು.